ಹನುಮನಹಳ್ಳಿಯ ಗವಿ, ಕುರುಡು ಚೀಟಿ

ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗವಿಯಲ್ಲಿ ಒಂದು ಪ್ರಭೇದದ ಇನ್ನೂರಕ್ಕೂ ಕಡಿಮೆ ಬಾವಲಿಗಳಿವೆ. 1994ರಲ್ಲಿ ಹೊಸ ಪ್ರಭೇದವೆಂದು ಗುರುತಾದ ಕೋಲಾರದ ಎಲೆಮೂಗಿನ ಬಾವಲಿ ಇದು. ತೇರಹಳ್ಳಿಯಲ್ಲೂ ಹಿಂದೆ ದಾಖಲಾಗಿತ್ತು; ಈಗ ಜಗತ್ತಿನಲ್ಲಿ ಇದರ ನೆಲೆ ಎಂದು ಗೊತ್ತಿರುವುದು ಹನುಮನಹಳ್ಳಿ ಮಾತ್ರ. ‘ಆ ಗವಿಗೆ ಚೆನ್ನಾಗಿ ಒಗ್ಗಿಕೊಂಡಿದೆ, ಅದಕ್ಕೇ ಅಲ್ಲಿ ಉಳಿದಿದೆ’ ಎಂದು ಡಾರ್ವಿನ್ನನ ಹೆಸರು ಹೇಳಿ ಮಾತು ಮುಗಿಸುವುದು ಸುಲಭ. ಆದರೆ ಅದೇ ಗವಿಯ ಸೂರಿಗೆ ಬೇರೆ ಜಾತಿಯ ಎಲೆಮೂಗಿನ ಬಾವಲಿಗಳೂ ಜೋತುಬಿದ್ದಿವೆ, ಅವು ಬೇರೆ ಕಡೆಗಳಲ್ಲೂ ಬದುಕಿವೆ. ಉಳಿದದ್ದೆಲ್ಲ ಯೋಗ್ಯತೆಯಿಂದಲೇ ಉಳಿಯಿತು ಎನ್ನಲು ಉಳಿದಿರುವುದೊಂದೇ ಸಾಕ್ಷಿಯಾಗದು.

ಉಳಿವಿನಲ್ಲಿ ಆಕಸ್ಮಿಕದ ಪಾಲೂ ಇದೆ. ಶ್ರೀನಿವಾಸಪುರದ ತೋಟದವರು ಚೆನ್ನಾಗಿ ಫಸಲು ಬಿಟ್ಟ ತೋತಾಪುರಿ ಮಾವಿನ ಕಡ್ಡಿ ತಂದು ಕಸಿ ಕಟ್ಟುತ್ತಾರೆ. ಅದೇ ಗುಣದ ಮರ ಬರುತ್ತದೆ. ವಾಟೆ ಹೂಳಿದರೆ ಆ ಭರವಸೆಯಿಲ್ಲ. ಬಾವಲಿಗೆ ಕಸಿಯ ಅನುಕೂಲವಿಲ್ಲ. ಅದು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ತಾಯಿಯ ಪ್ರತಿ ಜೀನ್‌ನ ಎರಡು ಪ್ರತಿಗಳಲ್ಲಿ ಒಂದೇ ಆ ಮರಿಗೆ ಹೋಗುತ್ತದೆ. ಯಾವುದು ಎಂಬುದು ಕಣ್ಣುಮುಚ್ಚಿ ಚೀಟಿ ಎತ್ತಿದಂತೆ. ಇದೇ, ತಲೆಮಾರಿನಿಂದ ತಲೆಮಾರಿಗೆ ಜೀನ್‌ಗಳ ಪಾಲು ಆಕಸ್ಮಿಕವಾಗಿ ಏರಿಳಿಯುವ ಜೆನೆಟಿಕ್ ಡ್ರಿಫ್ಟ್‌ನ ಬೇರು. ಶೇ 1ರಷ್ಟು ಲಾಭ ತರುವ ಹೊಸ ಗುಣವೂ ನೂರರಲ್ಲಿ ಸುಮಾರು 98 ಸಲ ಅಳಿದುಹೋಗುತ್ತದೆ ಎಂದು 1927ರಲ್ಲೇ ಲೆಕ್ಕ ಹಾಕಿದವರು ತಳಿವಿಜ್ಞಾನಿ ಹಾಲ್ಡೇನ್. ಗುಂಪು ಚಿಕ್ಕದಾದಷ್ಟೂ ಚೀಟಿಯ ಪಾಲು ಹೆಚ್ಚು. ಇನ್ನೂರು ಬಾವಲಿಗಳೂ ಮರಿ ಮಾಡುತ್ತವೆಂದೇ ಇಟ್ಟುಕೊಂಡರೂ, ಉಳಿವು-ಸಂತಾನದಲ್ಲಿ ಸುಮಾರು ಶೇ 0.25ಕ್ಕಿಂತ ಸಣ್ಣ ಕೊರತೆ ನೈಸರ್ಗಿಕ ಆಯ್ಕೆಯ ಜರಡಿಗೆ ಸಿಗದೆ ಸೋರಿಹೋಗುತ್ತದೆ. 1968ರಲ್ಲಿ ಜಪಾನಿನ ತಳಿವಿಜ್ಞಾನಿ ಮೋಟೂ ಕಿಮುರಾ ಅಣುಮಟ್ಟದ ಬಹುಪಾಲು ಬದಲಾವಣೆಗೆ ಈ ಡ್ರಿಫ್ಟೇ ಕಾರಣ ಎಂದಾಗ ಡಾರ್ವಿನ್‌ವಾದಿಗಳು ಸಿಡಿಮಿಡಿಗೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆಕಸ್ಮಿಕ ಎಂಬುದು ನಮ್ಮ ಅಜ್ಞಾನಕ್ಕೆ ಇಟ್ಟ ಇನ್ನೊಂದು ಹೆಸರಲ್ಲವೇ? ಪ್ರತಿ ಸಾವಿಗೂ ಕಾರಣವಿದೆ, ನಿಜ. ಹತ್ತಿರ ಎಲ್ಲಾದರೂ ಕಲ್ಲು ಒಡೆಯುವ ಮದ್ದು ಸಿಡಿದು ಗವಿಯ ಸೂರು ಕುಸಿದರೆ ಕಾರಣ ಊರಿಗೇ ಗೊತ್ತಿರುತ್ತದೆ. ಆದರೆ ಆ ಬಂಡೆ ಯಾವ ಬಾವಲಿಯ ಕಿವಿ ಚುರುಕು, ಯಾವುದರ ರೆಕ್ಕೆ ಬಲ ಎಂದು ನೋಡಿ ಬೀಳುವುದಿಲ್ಲ. ಸಾವಿಗೂ ಗುಣಕ್ಕೂ ನಂಟಿಲ್ಲದಿರುವುದೇ ಇಲ್ಲಿನ ‘ಆಕಸ್ಮಿಕ’. ಅದು ನಮ್ಮ ತಿಳಿವಳಿಕೆಯನ್ನು ಅವಲಂಬಿಸಿಲ್ಲ.

ಹಾಗೆಂದು ಆಯ್ಕೆ ಕೈಕಟ್ಟಿ ಕೂತಿಲ್ಲ. ಎಲೆಮೂಗಿನ ಬಾವಲಿ ಮೂಗಿನಿಂದ ಸದ್ದು ಹೊರಡಿಸಿ, ಮರುದನಿ ಆಲಿಸಿ ಕತ್ತಲಲ್ಲಿ ಹುಳು ಹಿಡಿಯುತ್ತದೆ. ಕಿವಿ ಕೆಟ್ಟ ಮರಿ ಎಷ್ಟೇ ಸಣ್ಣ ಗುಂಪಿನಲ್ಲೂ ಬಾಳದು. ಡ್ರಿಫ್ಟ್ ಕೈಯಾಡಿಸುವುದು ಸಣ್ಣಪುಟ್ಟ ಕೊರತೆಗಳಲ್ಲಿ. ಅವು ಒಂದೊಂದಾಗಿ ಇಡೀ ಗುಂಪಿಗೆ ಅಂಟಬಹುದು. ಇನ್ನೂರು ಬಾವಲಿಗಳು ಎರಡು ಸಾವಿರವಾದರೆ ಅದೇ ಜರಡಿಯ ಕಣ್ಣು ಹತ್ತುಪಟ್ಟು ಕಿರಿದಾಗುತ್ತದೆ: ಈಗ ಸೋರಿಹೋಗುವ ಶೇ 0.1ರ ಕೊರತೆ ಆಗ ಸಿಕ್ಕಿಬೀಳುತ್ತದೆ.