ಅಮೆರಿಕದ ಗಡಿಯಾರ, ಶಿವಾಜಿನಗರದ ಭಾನುವಾರ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ವ್ಯಾಪಾರಿಗೆ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಉಳಿದ ಭಾನುವಾರಗಳಂತೆಯೇ. ಅಲ್ಲಿಯೇ ಸಮೀಪದಲ್ಲಿ ವಾಸಿಸುವ, ಅಮೆರಿಕದ ಬ್ಯಾಂಕು-ವಿಮೆ ಸಂಸ್ಥೆಗಳ ಯಂತ್ರಗಳನ್ನು ಇಲ್ಲಿಂದಲೇ ನೋಡಿಕೊಳ್ಳುವ ನನ್ನಂಥವರಿಗೆ ಹಾಗಲ್ಲ. ನ್ಯೂಯಾರ್ಕಿನಲ್ಲಿ ನಸುಕಿನ ಎರಡು ಗಂಟೆ ಒಮ್ಮೆಗೇ ಮೂರಾಗುವ ಆ ಕ್ಷಣ ನಮಗೆ ಮಧ್ಯಾಹ್ನ 12.30.

2005ರಲ್ಲಿ ಅಮೆರಿಕವು ಇಂಧನ ಉಳಿತಾಯದ ಹೆಸರಿನಲ್ಲಿ ಕಾಯ್ದೆ ಮಾಡಿ ಈ ಡೇಲೈಟ್ ಸೇವಿಂಗ್ ಅವಧಿಯನ್ನು ಹಿಗ್ಗಿಸಿತು. ಏಪ್ರಿಲ್‌ನ ಮೊದಲ ಭಾನುವಾರದ ಬದಲು ಮಾರ್ಚ್‌ನ ಎರಡನೆಯ ಭಾನುವಾರ ಆರಂಭ. ಅಕ್ಟೋಬರ್ ಕೊನೆಯ ಬದಲು ನವೆಂಬರ್‌ನ ಮೊದಲ ಭಾನುವಾರ ಮುಕ್ತಾಯ. ಜಾರಿಯಾದದ್ದು 2007ರ ಮಾರ್ಚ್ 11ರಂದು. ಕಾಯ್ದೆಯಲ್ಲಿ ಕೆಲವೇ ಸಾಲುಗಳ ಈ ಬದಲಾವಣೆ ಬೆಂಗಳೂರಿನ ತಂಡಗಳಿಗೆ ತಿಂಗಳುಗಟ್ಟಲೆ ಕೆಲಸವಾಯಿತು. ತಿದ್ದದೆ ಬಿಟ್ಟ ಯಂತ್ರ ಮೂರು ವಾರ ಕಾಲ ಒಂದು ಗಂಟೆ ಹಿಂದೆ ಉಳಿಯುತ್ತಿತ್ತು.

ಯುನಿಕ್ಸ್‌ನ ಒಳಗಡಿಯಾರಕ್ಕೆ ಇದರ ಗೊಡವೆಯಿಲ್ಲ. ಅದು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಹೋಗುತ್ತದೆ. ಆ ಎಣಿಕೆಯನ್ನು ಊರಿನ ಸಮಯವಾಗಿಸುವುದು ‘ಟಿಝಡ್’ ಎಂಬ ಒಂದು ಸಾಲು: ‘ಇಎಸ್‌ಟಿ5ಇಡಿಟಿ,ಎಂ3.2.0,ಎಂ11.1.0’. ಮೂರನೆಯ ತಿಂಗಳು, ಎರಡನೆಯ ವಾರ, ಸೊನ್ನೆ ಎಂದರೆ ಭಾನುವಾರ; ಮುಂದಿನದು ಹನ್ನೊಂದನೆಯ ತಿಂಗಳ ಮೊದಲ ಭಾನುವಾರ. ಅಲ್ಪವಿರಾಮದ ನಂತರದ್ದನ್ನು ಬರೆಯದಿದ್ದರೆ ತಯಾರಕರು ತುಂಬಿಟ್ಟ ನಿಯಮವೇ ಅನ್ವಯ. ಚಿಹ್ನೆಯೂ ತಿರುಗುಮುರುಗು: ಗ್ರೀನಿಚ್‌ಗಿಂತ ಹಿಂದಿರುವ ನ್ಯೂಯಾರ್ಕಿಗೆ ಬರಿಯ 5, ಮುಂದಿರುವ ನಮಗೆ ‘ಐಎಸ್‌ಟಿ-5:30’ ಎಂಬ ಋಣಚಿಹ್ನೆ! ಹೊಸಬರು ಇಲ್ಲಿ ತಬ್ಬಿಬ್ಬಾಗುವುದು ಸಹಜ.

ಸಾಲು ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯದು. ಆಗಲೇ ಓಡುತ್ತಿರುವ ಪ್ರೋಗ್ರಾಂ ತಾನು ಆರಂಭವಾದಾಗ ಪಡೆದ ಸಾಲನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. ನಾವು ನೋಡಿಕೊಳ್ಳುತ್ತಿದ್ದ ಒಂದು ಸಂಸ್ಥೆ ಇದಕ್ಕೆ ಒಪ್ಪಲೇ ಇಲ್ಲ. ಮರುದಿನದ ವರದಿ ಒಂದು ಗಂಟೆ ತಡವಾಯಿತು. ಬೈಗುಳದ ಫೋನು ಮಾತ್ರ ನಮಗೇ ಬಂತು. ಮರುಚಾಲನೆಗೆ ಅನುಮತಿ ಕೊಡುವ ಅಧಿಕಾರ ಒಬ್ಬರದು, ಉತ್ತರಿಸುವ ಹೊಣೆ ಇನ್ನೊಬ್ಬರದು ಎಂಬ ಏರ್ಪಾಡು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ.

ನವೆಂಬರ್ ಇನ್ನೂ ಕಠಿಣ. ಅಂದು ಅಲ್ಲಿ ಒಂದರಿಂದ ಎರಡು ಗಂಟೆಯವರೆಗಿನ ಅವಧಿ ಎರಡು ಸಲ ಬರುತ್ತದೆ. ಒಂದೂವರೆಗೆ ನಿಗದಿಯಾದ ಬಡ್ಡಿ ಲೆಕ್ಕ ಎರಡು ಬಾರಿ ನಡೆದರೆ ಯಾರದೋ ಖಾತೆ ಏರುಪೇರಾಗುತ್ತದೆ. ಇಂಥ ಕೆಲಸಗಳನ್ನು ಗ್ರೀನಿಚ್ ಸಮಯಕ್ಕೇ ನಿಗದಿಪಡಿಸುವುದು ಕ್ಷೇಮ. ಅಂದಿನಿಂದ ಅವರ ಬೆಳಗಿನ ಒಂಬತ್ತು ನಮ್ಮ ಸಂಜೆ ಆರೂವರೆಯಿಂದ ಏಳೂವರೆಗೆ ಸರಿಯುತ್ತದೆ. ಪಾಳಿ, ಕ್ಯಾಬ್, ಮನೆಯ ಊಟ ಎಲ್ಲವೂ ಅದರ ಹಿಂದೆ. ಇದಕ್ಕೆ ಯಾವ ತಯಾರಕರೂ ಪ್ಯಾಚ್ ಕಳುಹಿಸುವುದಿಲ್ಲ.

ನಮ್ಮ ದೇಶದಲ್ಲೂ ಎರಡನೆಯ ಮಹಾಯುದ್ಧದ ವೇಳೆ, 1945ರವರೆಗೆ, ಗಡಿಯಾರ ಒಂದು ಗಂಟೆ ಮುಂದಿತ್ತು. ವರ್ಷವಿಡೀ ಡೇಲೈಟ್ ಸಮಯವನ್ನೇ ಕಾಯಂ ಮಾಡುವ ಮಸೂದೆಗೆ ಅಮೆರಿಕದ ಸೆನೆಟ್ 2022ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿತು. ಆದರೆ ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅದು ಕಾಯ್ದೆಯಾಗಿದ್ದರೆ ಆ ಸಾಲುಗಳನ್ನೆಲ್ಲ ನಾವು ಮತ್ತೊಮ್ಮೆ ತಿದ್ದಬೇಕಾಗುತ್ತಿತ್ತು, ಬಹುಶಃ ಇನ್ನೊಂದು ಭಾನುವಾರ.