ಯಾರು, ಯಾರ್ಯಾರು

ಇಂಗ್ಲಿಷಿನ ‘ಅಗೇನ್’ ಅಂದರೇನು ಎಂದು ಕೇಳಿದರೆ ಪುತ್ತೂರಿನ ಕನ್ನಡ ಶಾಲೆಯ ಮಕ್ಕಳು ‘ಪುನಃ’ ಎನ್ನುತ್ತಾರೆ. ತುಳುವಿನಲ್ಲಾದರೆ ‘ಕುಡ’. ಅರ್ಥದಲ್ಲಿ ತೊಡಕಿಲ್ಲ, ತೊಡಕು ಬಳಕೆಯಲ್ಲಿ. ‘ರಿಟರ್ನ್ ಬ್ಯಾಕ್’, ‘ರಿಪೀಟ್ ಅಗೇನ್’ ಎಂದು ಬರೆದರೆ ಮೇಷ್ಟ್ರು ತಿದ್ದುತ್ತಾರೆ, ತಿದ್ದಬೇಕಾದದ್ದೇ. ಮರಳುವ ಅರ್ಥ ಕ್ರಿಯಾಪದದಲ್ಲಿ ಮೊದಲೇ ಇದೆ. ಆದರೆ ‘ಸ್ಮಾಲ್ ಸ್ಮಾಲ್ ಚಿಲ್ಡ್ರನ್’ ಎಂದು ಬರೆದ ಹುಡುಗಿಗೂ ಅದೇ ಕಾರಣ ಹೇಳಿ ಕೆಂಪು ಗೆರೆ ಎಳೆದರೆ ಅದು ಅನ್ಯಾಯ. ಅವಳು ಹೇಳಿದ್ದನ್ನೇ ಹೇಳಿಲ್ಲ. ಮನೆಯ ‘ಎಲ್ಯ ಎಲ್ಯ ಜೋಕುಲು’ ಇಂಗ್ಲಿಷಿನ ವೇಷದಲ್ಲಿ ಬಂದಿದೆ, ಅಷ್ಟೆ.

ಅಡಿಕೆ ಅಂಗಳಕ್ಕೆ ಬನ್ನಿ. ‘ಇದನ್ನು ಬೇರೆ ಇಡು’ ಎಂದರೆ ಒಂದು ಕಡೆ ಸರಿಸಿಡು ಎಂದು. ‘ಬೇರೆ ಬೇರೆ ಇಡು’ ಎಂದರೆ ಹೆಕ್ಕಿ, ವಿಂಗಡಿಸಿ, ರಾಶಿ ರಾಶಿ ಮಾಡು ಎಂದು. ಒಂದು ಪದ ಹೆಚ್ಚಾದರೆ ಅರ್ಧ ದಿನದ ಕೆಲಸ ಹೆಚ್ಚು. ‘ಯಾರು ಬಂದರು?’ ಎಂದರೆ ಒಂದು ಹೆಸರು ಸಾಕು, ‘ಯಾರ್ಯಾರು ಬಂದರು?’ ಎಂದರೆ ಪಟ್ಟಿಯೇ ಬೇಕು. ಇಲ್ಲಿ ‘ಪುನಃ’ ಎಂಬ ಅರ್ಥ ಎಲ್ಲಿದೆ?

ಈ ಭೇದ ಹಳೆಯ ವೈಯಾಕರಣರಿಗೆ ಚೆನ್ನಾಗಿ ಗೊತ್ತಿತ್ತು. ಪಾಣಿನಿಯ ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯ ಶುರುವಾಗುವುದೇ ದ್ವಿರುಕ್ತಿಯಿಂದ. ಬಿಡದೆ ನಡೆಯುವ ಕೆಲಸಕ್ಕೆ ಪದ ಇಮ್ಮಡಿಸುವುದು ಒಂದು. ಒಂದೊಂದನ್ನೂ ಮುಟ್ಟಿ ಹೇಳಲು ಇಮ್ಮಡಿಸುವುದು ಇನ್ನೊಂದು, ಅದಕ್ಕೆ ‘ವೀಪ್ಸೆ’ ಎಂದು ಹೆಸರು. ‘ಹೇಳಿ ಹೇಳಿ ಸಾಕಾಯ್ತು’ ಮೊದಲನೆಯದು, ‘ಮನೆ ಮನೆಗೆ ಹೋದರು’ ಎರಡನೆಯದು. ಕನ್ನಡ ವ್ಯಾಕರಣಗಳು ಇದಕ್ಕೆ ಸಂಭ್ರಮ, ಕೋಪ, ಒಪ್ಪಿಗೆ, ನಿಷೇಧಗಳನ್ನೂ ಸೇರಿಸಿದವು. ಹೈಸ್ಕೂಲಿನಲ್ಲಿ ಈ ಪಾಠ ಎಲ್ಲರೂ ಓದಿದ್ದೇವೆ. ಆದರೆ ಅದು ಕನ್ನಡದ ಪೀರಿಯಡ್ ದಾಟಿ ಇಂಗ್ಲಿಷಿನ ಪೀರಿಯಡ್‌ಗೆ ಬರುವುದೇ ಇಲ್ಲ.

‘ಊಟ ಗೀಟ’, ‘ಅಡಿಕೆ ಗಿಡಿಕೆ’ಯ ಕತೆ ಇನ್ನೂ ಸ್ವಾರಸ್ಯದ್ದು. ಮೊದಲ ಅಕ್ಷರ ಹೋಗಿ ಅಲ್ಲಿ ‘ಗಿ’ ಕೂರುತ್ತದೆ, ದೀರ್ಘವಿದ್ದರೆ ‘ಗೀ’. ಊಟ ಮತ್ತು ಅದರ ಜೊತೆಯದ್ದೆಲ್ಲ ಎಂಬಷ್ಟು ಅರ್ಥ ಆ ಒಂದು ಅಕ್ಷರದಲ್ಲಿ. ಸುಳ್ಯದ ಗಡಿಯಾಚೆ ಕೊಡಗಿನಲ್ಲಿ ಕೊಡವ ಭಾಷೆಯನ್ನು ಅಭ್ಯಾಸ ಮಾಡಿದ್ದ ಭಾಷಾವಿಜ್ಞಾನಿ ಎಮೆನೋ 1956ರ ತನ್ನ ಪ್ರಸಿದ್ಧ ಲೇಖನದಲ್ಲಿ, ಬೇರೆ ಬೇರೆ ಕುಲದ ಭಾರತೀಯ ಭಾಷೆಗಳು ಹಂಚಿಕೊಂಡ ಲಕ್ಷಣಗಳಲ್ಲಿ ಇಂಥ ಪ್ರತಿಧ್ವನಿ ಪದಗಳನ್ನೂ ಎಣಿಸಿದ. ಭಾಷೆ ಬೇರೆಯಾದರೂ ನೆರೆಹೊರೆಯ ಒಡನಾಟದಲ್ಲಿ ಹಬ್ಬಿದ ಗುಣ ಅದು.

ಆ ಒಡನಾಟ ನೋಡಲು ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲ್ಲೂಕಿಗಿಂತ ಒಳ್ಳೆಯ ಜಾಗ ಸಿಗದು. ತುಳು ಎಲ್ಲ ಕಡೆ. ಸುಳ್ಯದಲ್ಲಿ ಅರೆಭಾಷೆ, ಪುತ್ತೂರಿನಲ್ಲಿ ಹವ್ಯಕ ಕನ್ನಡ, ಕಡಬ ನೆಲ್ಯಾಡಿಯ ಕಡೆ ಮಲಯಾಳ, ಪೇಟೆಯಲ್ಲಿ ಬ್ಯಾರಿ, ಕೊಂಕಣಿ. ಒಂದೇ ಬೆಂಚಿನಲ್ಲಿ ನಾಲ್ಕು ಮನೆಮಾತು. ‘ಹೂ ಆಲ್ ಕೇಮ್?’ ಎಂದು ಒಬ್ಬ ಬರೆದಾಗ ಮೇಷ್ಟ್ರು ಹೊಡೆದುಹಾಕುವ ಮೊದಲು ‘ನಿಮ್ಮನೆಯಲ್ಲಿ ಇದನ್ನು ಹೇಗೆ ಕೇಳ್ತೀರಿ?’ ಎಂದು ಇಡೀ ಬೆಂಚನ್ನೇ ಕೇಳಲಿ. ಉತ್ತರಗಳನ್ನು ಬೋರ್ಡಿನ ಮೇಲೆ ಸಾಲಾಗಿ ಬರೆದು, ಕೆಳಗೆ ಇಂಗ್ಲಿಷಿನ ದಾರಿ ತೋರಿಸಲಿ. ಹಾಗೆ ಕಲಿತ ಮಗು ಎರಡನ್ನೂ ಮರೆಯುವುದಿಲ್ಲ.

ಕಷ್ಟದ್ದು ಬೇಕಿದ್ದರೆ ‘ಹೋಗಿ ಹೋಗಿ ಅವನ ಹತ್ತಿರ ಸಾಲ ಕೇಳಿದೆಯಾ?’ ಎಂಬುದನ್ನು ಕೊಡಬಹುದು. ಹೋದದ್ದು ಒಂದೇ ಸಲ.