ಬಾಯಿ ಮುಚ್ಚಿದ ತಾಯಿ, ಕೈ ಬಿಗಿ ಹಿಡಿದ ಗುರು

ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದ ಗಾಯಕಿ. ಧಾರವಾಡದ ಅವರ ಮನೆಗೆ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರಂಥವರೂ ಬಂದು ಕೂತು ಕೇಳುತ್ತಿದ್ದರು. ಮಗಳ ಮನಸ್ಸು ಹಿಂದುಸ್ತಾನಿಯ ಕಡೆ ವಾಲಿದೆ ಎಂದು ಗೊತ್ತಾದ ಮೇಲೆ ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ತನ್ನ ಪದ್ಧತಿಯ ಗಮಕ ಹುಡುಗಿಯ ಕಂಠಕ್ಕೆ ಹತ್ತಬಾರದಲ್ಲ! ‘ಮೆಂಟರ್’ ಎಂಬ ಬಿರುದು ತಗುಲಿಸಿಕೊಂಡು ಗಂಟೆಗಟ್ಟಲೆ ಉಪದೇಶ ಕೊಡುವವರನ್ನು ಕಂಡಾಗಲೆಲ್ಲ ನನಗೆ ಅಂಬಾಬಾಯಿ ನೆನಪಾಗುತ್ತಾರೆ. 1932ರಲ್ಲಿ ಅವರು ತೀರಿಕೊಂಡರು. ಮಗಳ ದೊಡ್ಡ ಹೆಸರನ್ನು ನೋಡಲಿಲ್ಲ.

ಆಮೇಲಿನದು ರೈಲಿನ ಕಥೆ. ಮನೆ, ಮಕ್ಕಳನ್ನು ಸಂಭಾಳಿಸಿ ಗಂಗೂಬಾಯಿ ಹುಬ್ಬಳ್ಳಿಯಿಂದ ಸಂಜೆಯ ಗಾಡಿ ಹತ್ತಿ ಕುಂದಗೋಳಕ್ಕೆ ಹೋಗುವರು, ರಾತ್ರಿ ಗಾಡಿಗೆ ವಾಪಸು. ಅಲ್ಲಿ ಗುರು ಸವಾಯಿ ಗಂಧರ್ವರು. ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರಕ್ಕೆ ಹೆಸರಾಗಿದ್ದವರು ಪಾಠಕ್ಕೆ ಕೂತರೆ ಮಹಾ ಜಿಪುಣರು. ಒಂದೇ ಪಲುಕು, ಅದನ್ನೇ ತಿರುಗಿ ತಿರುಗಿ, ದಿನಗಟ್ಟಲೆ. ಗಂಟಲಲ್ಲಿ ಅದು ಕೂತಿತು ಅನ್ನಿಸುವವರೆಗೆ ಮುಂದಿನದರ ಮಾತಿಲ್ಲ. ಕೃಪಣ ದುಡ್ಡು ಬಿಚ್ಚುವ ಹಾಗೆ ಒಂದೊಂದೇ ಸ್ವರ ಬಿಚ್ಚಬೇಕೆಂದು ಕಲಿತದ್ದು ಅಲ್ಲೇ ಎಂದು ಗಂಗೂಬಾಯಿ ಹೇಳಿಕೊಂಡಿದ್ದಾರೆ. ಅವರ ಆಲಾಪದ ನಿಧಾನ ಕೇಳಿದವರಿಗೆ ಈ ಮಾತಿನ ಗುಟ್ಟು ತಿಳಿದೀತು.

ಇದೇ ಗುರುವಿನ ಬಳಿಗೆ ಬಂದ ಇನ್ನೊಬ್ಬರು ಗದಗಿನ ಭೀಮಸೇನ ಜೋಶಿ, ಹನ್ನೊಂದರ ಹುಡುಗ. 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟವರು. ಗ್ವಾಲಿಯರ್ ಸುತ್ತಿ, ಜಲಂಧರದವರೆಗೂ ಅಲೆದರೆ, ಅಲ್ಲಿ ಸಿಕ್ಕ ಗಾಯಕ ವಿನಾಯಕರಾವ್ ಪಟವರ್ಧನರು ‘ನಿಮ್ಮೂರ ಬದಿಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ’ ಎಂದು ದಾರಿ ತೋರಿಸಿದರು. ತಾನೇ ಶಿಷ್ಯನನ್ನಾಗಿ ಹಿಡಿದಿಟ್ಟುಕೊಳ್ಳದೆ ಇನ್ನೊಬ್ಬರ ಮನೆಗೆ ಕಳಿಸಿದ ಆ ಒಂದು ಮಾತಿಗೆ ಎಷ್ಟು ಬೆಲೆ ಕಟ್ಟೋಣ? ಕುಂದಗೋಳದಲ್ಲಿ ಹುಡುಗ ಮೊದಲು ಕಲಿತದ್ದು ಕೊಡ ಹೊತ್ತು ನೀರು ತರುವುದನ್ನು. ಆ ಪದ್ಧತಿಯನ್ನು ನಾನು ಹೊಗಳಲಾರೆ. ನೀರು ಹೊತ್ತವರೆಲ್ಲ ಭೀಮಸೇನರಾಗಲಿಲ್ಲ.

ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಗಂಡುದನಿಯಷ್ಟು ಗಡುಸಾಯಿತು. ಅದನ್ನೇ ಪಳಗಿಸಿಕೊಂಡು ಹಾಡಿದರು. ಇವರನ್ನು ಭೀಮಸೇನರು ಕರೆಯುತ್ತಿದ್ದದ್ದು ‘ಅಕ್ಕ’ ಎಂದು. ಇಬ್ಬರ ಶುದ್ಧ ಕಲ್ಯಾಣವನ್ನು ಒಂದರ ಬೆನ್ನಿಗೊಂದು ಹಾಕಿ ಕೇಳಿ. ಭೀಮಸೇನರದು ಮಳೆಗಾಲದ ಹೊಳೆ, ಗಂಗೂಬಾಯಿಯವರದು ಕಲ್ಲುಕಟ್ಟಿನ ಬಾವಿ.